ಮೂರನೆಯ ಕಾಫಿ

ಸರಾಯೆವೊ, ಮಾರಿಯಿನ್ ದ್ವೋರ್
24 ಏಪ್ರಿಲ್ 1993, ಶನಿವಾರ ಬೆಳಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯೆ? ಎದೆನೋವು ಮತ್ತೆ ಬಂದಿತ್ತಾ? ಮಾತ್ರೆ ಸಿಗುತ್ತಿದೆಯಾ, ಇಲ್ಲಾ ಒಂದನ್ನು ಮುರಿದು ಎರಡು ದಿನಕ್ಕೆ ಮಾಡಿಕೊಳ್ಳುತ್ತಿದ್ದೀಯಾ? ಸುಳ್ಳು ಹೇಳಬೇಡ, ನಿನ್ನ ಸುಳ್ಳು ನನಗೆ ಹೊಳೆಯ ಈಚೆ ದಡದಿಂದಲೂ ಗೊತ್ತಾಗುತ್ತದೆ. ಎದುರುಮನೆಯ ಡೆಸಾಂಕಾ ಹೇಗಿದ್ದಾರೆ? ಅವರ ರೊಟ್ಟಿಯಲ್ಲಿ ಅರ್ಧ ನಿನಗೆ ಬರುತ್ತಿದೆ ಎಂದು ಕೇಳಿದೆ. ಆ ತಾಯಿಗೆ ನಾನು ಯಾವ ಜನ್ಮದಲ್ಲಿ ಋಣ ತೀರಿಸಲಿ, ಹೇಳು. ನಾವು ಮೂವರೂ ಇಲ್ಲಿ ಇದ್ದೇವೆ. ಇದ್ದೇವೆ ಎನ್ನುವುದೇ ಈಗ ದೊಡ್ಡ ಸುದ್ದಿ. ನಿನ್ನ ಅಳಿಯ ರೆಫಿಕ್ ನೀರು ಹೊತ್ತು ಹೊತ್ತು ಬಲಗೈ ಎಡಗೈಗಿಂತ ಉದ್ದ ಬೆಳೆದುಬಿಟ್ಟಿದೆ ಎಂದು ಗೊಣಗುತ್ತಾನೆ. ನಿನ್ನ ಮೊಮ್ಮಗಳು ಬೆಲ್ಮಾಗೆ ಮುಂದಿನ ಎರಡೂ ಹಲ್ಲು ಬಿದ್ದಿವೆ. ಅಜ್ಜಿಗೆ ತೋರಿಸಬೇಕಂತೆ, ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ. ಬೆಂಕಿಕಡ್ಡಿ ಇಡಲು ನನಗೆ ಬೇರೆ ಜಾಗ ಹುಡುಕಬೇಕಾಯಿತು, ಇರಲಿ.

ಪ್ರತಿ ಶುಕ್ರವಾರ ನೀನು ಬಾಲ್ಕನಿಯಲ್ಲಿ ಹಸಿರು ಜಮಖಾನ ಹರವುತ್ತೀಯಲ್ಲ, ಅದನ್ನು ಅಡುಗೆಮನೆ ಕಿಟಕಿಯ ಮೂಲೆಯಿಂದ ನೋಡುತ್ತೇನೆ. ಗಾಜು ಹೋಗಿ ಪ್ಲಾಸ್ಟಿಕ್ ಬಂದಿದೆ, ಅದಕ್ಕೊಂದು ಸಣ್ಣ ತೂತು ಮಾಡಿಕೊಂಡಿದ್ದೇನೆ. ಹಸಿರು ಕಂಡರೆ ನನ್ನಮ್ಮ ಇದ್ದಾಳೆ ಎಂದು ಅರ್ಥ. ಮಧ್ಯದಲ್ಲಿ ಇರುವುದು ಒಂದು ಹೊಳೆ, ಒಂದು ಸೇತುವೆ. ಮೊದಲೆಲ್ಲ ನಾನು ಒಲೆಯ ಮೇಲೆ ಹಾಲಿಟ್ಟು, ನಿನ್ನ ಮನೆಗೆ ಓಡಿಬಂದು ಉಪ್ಪು ಇಸಿದುಕೊಂಡು ಹೋಗುತ್ತಿದ್ದೆ. ಈಗ ಸೇತುವೆ ಮುಚ್ಚಿ ಒಂದು ವರ್ಷವಾಯಿತು, ನಿನ್ನ ದನಿ ಕೇಳಿಲ್ಲ. ರೆಡ್‌ಕ್ರಾಸ್‌ನವರ ಕೈಯಲ್ಲಿ ನೀನು ಕಳಿಸಿದ ಆ ಕೊನೆಯ ಚೀಟಿ ನನ್ನ ಬಳಿ ಇದೆ. ಎಲ್ಲರ ತಾಯಂದಿರು ಮುತ್ತು, ಕಣ್ಣೀರು ಎಂದು ಬರೆದಿದ್ದರೆ ನೀನು ಎರಡೇ ಸಾಲು: "ನಾನು ನನ್ನ ಮನೆಯಲ್ಲಿದ್ದೇನೆ. ಇಲ್ಲಿಂದ ಎದ್ದು ಯಾರ ಮನೆಗೂ ನೆಂಟಳಾಗಿ ಬರುವುದಿಲ್ಲ." ಓದಿ ರೆಫಿಕ್ ನಕ್ಕ. ನನಗೆ ನಗು ಬರಲಿಲ್ಲ ಅಮ್ಮಾ, ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅಳು ಬಂತು.

ಈಗ ಸುದ್ದಿಗೆ ಬರುತ್ತೇನೆ. ನಾನು ಕದನವಿರಾಮದ ಮಾತುಕತೆಗೆ ದುಭಾಷಿಯಾಗಿ ಹೋಗುತ್ತಿದ್ದೇನೆ ಎಂದರೆ ನೀನು ನಂಬುತ್ತೀಯಾ? ಶಾಲೆಯಲ್ಲಿ ಮಕ್ಕಳಿಗೆ ಫ್ರೆಂಚ್ ಕ್ರಿಯಾಪದ ಉರುಹೊಡೆಸುತ್ತಿದ್ದವಳನ್ನು ಬಿಳಿ ಉಕ್ಕಿನ ಗಾಡಿಯಲ್ಲಿ ಕೂರಿಸಿಕೊಂಡು ವಿಮಾನ ನಿಲ್ದಾಣಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಸಾಮಾನು ತಪಾಸಣೆಯ ಹಳೆಯ ಕೋಣೆಯಲ್ಲಿ ಉದ್ದದ ಮೇಜು. ಬಾಗಿಲು ಒಂದೇ ಇತ್ತು. ಯಾರು ಮೊದಲು ಒಳಗೆ ಬರಬೇಕು ಎಂದು ಜಗಳವಾಗಿ, ಗೋಡೆ ಒಡೆದು ಇನ್ನೊಂದು ಬಾಗಿಲು ಮಾಡಿದ್ದಾರೆ! ಮೇಜಿನ ತುದಿಗೆ ಕೂತು ಮಾತುಕತೆ ನಡೆಸುವವರು ಹೋಲ್ಮ್ ಎಂಬ ರಾಯಭಾರಿ, ಉತ್ತರದ ಯಾವುದೋ ಹಿಮದ ದೇಶದವರು. ಒಳ್ಳೆಯ ಮನುಷ್ಯ ಪಾಪ, ಕುರ್ಚಿ ಎಳೆದುಕೊಟ್ಟರೆ ನಮಗೂ ಥ್ಯಾಂಕ್ಸ್ ಹೇಳುತ್ತಾರೆ, ಕುರ್ಚಿಗೂ ಹೇಳುತ್ತಾರೆ. ನಮ್ಮ ಕಡೆಯಿಂದ ಕರ್ನಲ್ ಸುಲ್ಯೋ. ನಿನಗೆ ಗೊತ್ತು, ನಮ್ಮ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದನಲ್ಲ, ಸೀಟಿ ಊದಿ ಊದಿ ಕೆನ್ನೆ ಉಬ್ಬಿದವನು, ಅವನೇ. ನಿನ್ನ ಕಡೆಯಿಂದ, ಅಂದರೆ ಬೆಟ್ಟದ ಮೇಲೆ ಫಿರಂಗಿ ಇಟ್ಟುಕೊಂಡವರ ಕಡೆಯಿಂದ, ಕರ್ನಲ್ ವುಕೋತಾ. ಮೊದಲು ರೈಲ್ವೆಯಲ್ಲಿ ಇಂಜಿನಿಯರ್ ಆಗಿದ್ದವನು, ಹುಟ್ಟಿ ಬೆಳೆದದ್ದು ಇದೇ ಊರು.

ಅಲ್ಲಿ ನನ್ನ ಕೆಲಸ ಏನು ಗೊತ್ತಾ? ಹೋಲ್ಮ್ ಫ್ರೆಂಚಿನಲ್ಲಿ ಹೇಳಿದ್ದನ್ನು ನಮ್ಮ ಮಾತಿಗೆ ತಿರುಗಿಸಬೇಕು. ತಿರುಗಿಸಿದರೆ ಸುಲ್ಯೋ, "ಇದು ನಮ್ಮ ಭಾಷೆಗಾಯ್ತು, ಅವರ ಭಾಷೆಗೂ ಹೇಳಿ" ಅನ್ನುತ್ತಾನೆ. ವುಕೋತಾ, "ಹೂಂ, ನಮ್ಮ ಭಾಷೆಲಿ ಹೇಳಿ ಮತ್ತೆ" ಅನ್ನುತ್ತಾನೆ. ಅದೇ ಮಾತು ಅಮ್ಮಾ, ಅಕ್ಷರ ಬದಲಿಲ್ಲ! ಎಡಕ್ಕೆ ತಿರುಗಿ ಒಂದು ಸಲ, ಬಲಕ್ಕೆ ತಿರುಗಿ ಒಂದು ಸಲ ಹೇಳುತ್ತೇನೆ. ಇಬ್ಬರೂ ತಲೆಯಾಡಿಸುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ ದಿನವೆಲ್ಲ ನಡೆಯುತ್ತದೆ. ಇಬ್ಬರೂ ಮೊದಲ ಬಾರಿ ಒಪ್ಪಿದ ವಿಷಯವೆಂದರೆ ಹೋಲ್ಮ್ ಫ್ಲಾಸ್ಕಿನಲ್ಲಿ ತರಿಸುತ್ತಿದ್ದ ಕಾಫಿ. "ಇದು ಕಾಫಿನಾ? ಪಾತ್ರೆ ತೊಳೆದ ನೀರು" ಎಂದ ವುಕೋತಾ. "ಪಾತ್ರೆನೂ ಸರಿಯಾಗಿ ತೊಳೆದಿಲ್ಲ" ಎಂದ ಸುಲ್ಯೋ. ಹೋಲ್ಮ್ ಸಂತೋಷದಿಂದ ಟಿಪ್ಪಣಿಯಲ್ಲಿ 'ಮೊದಲ ಸಹಮತ' ಎಂದು ಬರೆದುಕೊಂಡರು. ಮರುದಿನ ನಿಜವಾದ ಕಾಫಿಬೀಜ ತಂದು, ಇಲ್ಲಿನ ಪದ್ಧತಿಯಲ್ಲಿ ಯಾರು ಮಾಡುತ್ತಾರೆ ಎಂದು ಕೇಳಿದರು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಬಾಯಿ ಕೆಲಸಕ್ಕೆ ಬಂದವಳು, ಒಲೆ ಕೆಲಸಕ್ಕಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟೆ. ಆದರೆ ಚೀಲದ ಬಾಯಿ ಬಿಚ್ಚಿದಾಗ ಆ ವಾಸನೆ ಬಂತು ನೋಡು! ಒಂದು ವರ್ಷದಿಂದ ಬೇಳೆ ಹುರಿದು ಪುಡಿಮಾಡಿ ಅದನ್ನೇ ಕಾಫಿ ಎಂದುಕೊಂಡು ಕುಡಿದವಳು ನಾನು. ನನ್ನ ಖಡಾಖಂಡಿತ ಅಲ್ಲೇ ಕರಗಿಹೋಯಿತು. ಮನೆಯಿಂದ ನೀನು ಕೊಟ್ಟ ಹಿತ್ತಾಳೆ ಬೀಸುವ ಮಿಲ್ಲು, ಉದ್ದ ಹಿಡಿಕೆಯ ತಾಮ್ರದ ಪಾತ್ರೆ, ಹಿಡಿಕೆಯಿಲ್ಲದ ಪುಟ್ಟ ಕಪ್ಪುಗಳು ಎಲ್ಲ ತೆಗೆದುಕೊಂಡು ಹೋದೆ. ಉಕ್ಕಿನ ಟೊಪ್ಪಿ ಹಾಕಿಕೊಂಡು ಮಡಿಲಲ್ಲಿ ಕಾಫಿ ಪಾತ್ರೆ ಇಟ್ಟುಕೊಂಡು ಕೂತವಳನ್ನು ನೋಡಿ ಗಾಡಿಯ ಸಿಪಾಯಿಗಳು ಮುಸಿಮುಸಿ ನಕ್ಕರು.

ಗುರುವಾರದ ಕಥೆಯನ್ನು ನಿಧಾನವಾಗಿ ಓದು. ಅಂದು ಸಂಜೆಗೆ ಫಿರಂಗಿಗಳ ತಾತ್ಕಾಲಿಕ ಮೌನ ಮುಗಿಯುವುದಿತ್ತು, ಬಂದೂಕುಗಳಿಗೆ ಆ ಮೌನವೂ ಇರಲಿಲ್ಲ. ಕಾಗದಕ್ಕೆ ಸಹಿ ಬೀಳದಿದ್ದರೆ ಕತ್ತಲಾಗುತ್ತಲೇ ಮತ್ತೆ ಫಿರಂಗಿ. ಎಲ್ಲ ಅಂಶಗಳೂ ಹೇಗೋ ದಾಟಿದ್ದವು, ಒಂದು ಬಿಟ್ಟು. ಅದು ಸೇತುವೆ. ಮುದುಕರು, ರೋಗಿಗಳು, ಬೇರೆಯಾದ ಕುಟುಂಬದವರು ಒಂದು ದಿನ ಸೇತುವೆ ದಾಟಬಹುದು ಎನ್ನುವ ಅಂಶ. ಅದನ್ನು ಓದಿದಾಗಲೆಲ್ಲ ಯಾರಾದರೊಬ್ಬರು ಕುರ್ಚಿ ಹಿಂದೆ ತಳ್ಳಿ ಎದ್ದುಹೋಗುತ್ತಿದ್ದರು. ಒಂದು ದಿನ ಅವರು, ಇನ್ನೊಂದು ದಿನ ಇವರು, ಸರದಿ ಇಟ್ಟುಕೊಂಡವರ ಹಾಗೆ. ಅಲ್ಲಿಂದ ಒಬ್ಬರು ಬಂದರೆ ಇಲ್ಲಿಂದ ಒಬ್ಬರು, ತಲೆಗೆ ತಲೆ ಲೆಕ್ಕ ಬೇಕು ಎಂದು ಒಬ್ಬ, ಗಂಟುಮೂಟೆ ತಪಾಸಣೆ ನಮ್ಮದೇ ಎಂದು ಇನ್ನೊಬ್ಬ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಆ ಸಾಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓದುವಾಗಲೆಲ್ಲ ನನ್ನ ಕಣ್ಣೆದುರು ನಿನ್ನ ಹಸಿರು ಜಮಖಾನ. ದನಿ ನಡುಗಬಾರದು ಎಂದು ಮೇಜಿನ ಕೆಳಗೆ ತೊಡೆ ಚಿವುಟಿಕೊಳ್ಳುತ್ತಿದ್ದೆ.

ಬೆಳಗ್ಗೆ ಎಲ್ಲರೂ ಬಂದು ಕೂತಾಗ ಮೊದಲನೆಯ ಕಾಫಿ ಕೊಟ್ಟೆ, ಪಕ್ಕದಲ್ಲಿ ಸಕ್ಕರೆ ತುಂಡಿಟ್ಟು. ಮಾತು ಕಾವೇರಿದಾಗ ಎರಡನೆಯದು ಕೊಟ್ಟೆ. ಆಮೇಲೆ ಸೇತುವೆ ಬಂತು. ವುಕೋತಾನ ಕುರ್ಚಿ ಕಿರ್ರೆಂದಿತು. ಸುಲ್ಯೋನ ಕೈ ಟೋಪಿಗೆ ಹೋಯಿತು. ಹೋಲ್ಮ್ ಮುಖ ಬಿಳುಚಿಕೊಂಡಿತು. ಅವರ ದೇಶದಲ್ಲಿ ಕಷ್ಟ ಬಂದರೆ ಕಾಫಿ ಕುಡಿಯುತ್ತಾರೇನೋ, "ಇನ್ನೊಂದು ಸುತ್ತು ಕಾಫಿ, ದಯವಿಟ್ಟು" ಎಂದು ನನ್ನತ್ತ ಬೇಡುವವರ ಹಾಗೆ ನೋಡಿದರು. ನಾನು ಒಲೆಯ ಕಡೆ ಓಡಿದೆ. ತಲೆಯಲ್ಲಿ ನೀನು, ನಿನ್ನ ಮಾತ್ರೆ, ಸಂಜೆಯ ಫಿರಂಗಿ. ಕೈ ಮಾತ್ರ ತನ್ನ ಪಾಡಿಗೆ ಕಲಿತದ್ದನ್ನು ಮಾಡುತ್ತಿತ್ತು. ಕಪ್ಪು ತುಂಬಿಸಿತು, ಸಕ್ಕರೆ ಇಡಲಿಲ್ಲ, ಯಾರನ್ನೂ ಬೇಕಾ ಎಂದು ಕೇಳಲಿಲ್ಲ, ಒಬ್ಬೊಬ್ಬರ ಮುಂದೆ ಠಕ್ ಠಕ್ ಎಂದು ಇಟ್ಟುಬಿಟ್ಟಿತು. ಇಟ್ಟ ಮೇಲೆ ನನಗೆ ಹೊಳೆಯಿತು. ಅಯ್ಯೋ ದೇವರೇ! ಇದು ಮೂರನೆಯದು!

ನಿನಗೆ ಹೇಳಬೇಕಾ ಅಮ್ಮಾ, ನೀನೇ ಕಲಿಸಿದ್ದು. ಮೊದಲನೆಯದು ಬನ್ನಿ ಕಾಫಿ, ಎರಡನೆಯದು ಮಾತಾಡಿ ಕಾಫಿ, ಮೂರನೆಯದು ಇನ್ನು ಏಳಿ ಕಾಫಿ. ಜೀನೆತಾ ಚಿಕ್ಕಮ್ಮ ಬಂದು ಹರಟುತ್ತಾ ಕೂತರೆ ನೀನು ನನಗೆ ಕಣ್ಸನ್ನೆ ಮಾಡುತ್ತಿದ್ದೆ, ನಾನು ಸಕ್ಕರೆಯಿಲ್ಲದ ಮೂರನೆಯ ಕಪ್ಪು ತಂದಿಡುತ್ತಿದ್ದೆ, ಆಕೆ ಮೂಗು ಮುರಿಯುತ್ತ ಎದ್ದು ಶಾಲು ಹುಡುಕುತ್ತಿದ್ದಳು. ಈ ಊರಿನಲ್ಲಿ ಮಸೀದಿಗೆ ಹೋಗುವವರ ಮನೆಯಲ್ಲೂ ಇದೇ, ಚರ್ಚಿಗೆ ಹೋಗುವವರ ಮನೆಯಲ್ಲೂ ಇದೇ. ಈಗ ನಾನು, ನಿನ್ನ ಮಗಳು ಸೆನಿಹಾ, ಎರಡು ಸೈನ್ಯಗಳಿಗೆ ಎದ್ದು ನಡೀರಿ ಎಂದುಬಿಟ್ಟಿದ್ದೆ. ನೆಲ ಬಾಯಿಬಿಟ್ಟು ನುಂಗಬಾರದೆ ಎನಿಸಿತು.

ಇಬ್ಬರೂ ಕಪ್ಪು ನೋಡಿದರು, ಪಕ್ಕದಲ್ಲಿ ಸಕ್ಕರೆ ಇಲ್ಲದ್ದನ್ನು ನೋಡಿದರು, ನನ್ನನ್ನು ನೋಡಿದರು. ವುಕೋತಾ ಮೆಲ್ಲಗೆ, "ಯಾರನ್ನಮ್ಮಾ ಏಳು ಅಂತಿರೋದು? ಅವರನ್ನೋ, ನಮ್ಮನ್ನೋ?" ಎಂದ. ಸುಲ್ಯೋ ಹೇಳಿದ, "ಮನೆಯವರನ್ನ ಯಾರೂ ಏಳಿಸಲ್ಲ. ಬಂದವರಿಗೆ ಹೇಳ್ತಿದ್ದಾಳೆ." "ಹಾಗಾದ್ರೆ ಏಳಿ ಮತ್ತೆ" ಎಂದ ವುಕೋತಾ. "ನಾನ್ಯಾಕೆ ಏಳ್ಲಿ? ನಾನು ಇಲ್ಲೇ ಹುಟ್ಟಿದೋನು." "ನಾನೇನು ಆಕಾಶದಿಂದ ಉದುರಿದ್ನಾ? ನಮ್ಮಪ್ಪ ಹಾಕಿದ ಹಳಿ ಮೇಲೇ ನಿಮ್ಮ ಟ್ರಾಮು ಓಡಿದ್ದು!" ಎಂದವನೇ ವುಕೋತಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಗಟ್ಟಿಯಾಗಿ ಕೂತ. ಸುಲ್ಯೋ ಟೋಪಿ ಕೆಳಗಿಟ್ಟು ಮೊಣಕೈ ಎರಡನ್ನೂ ಮೇಜಿನ ಮೇಲೂರಿದ. ಅರ್ಥವಾಯಿತಾ ಅಮ್ಮಾ? ಮೂರನೆಯ ಕಾಫಿ ಮುಂದಿದೆ. ಈಗ ಯಾರು ಏಳುತ್ತಾರೋ ಅವರು ಈ ಊರಿಗೆ ನೆಂಟರು. ಕೂತವರು ಮನೆಯವರು. ಒಂದು ವರ್ಷದಿಂದ ಇಡೀ ಯುದ್ಧ ನಡೆದಿರುವುದೇ ಅದಕ್ಕಲ್ಲವಾ? ಇಬ್ಬರೂ ಏಳಲಾರರು. ಆ ಕಪ್ಪನ್ನು ಮುಟ್ಟಲಾರರು ಕೂಡ, ಕುಡಿದರೆ ಏಳಬೇಕಲ್ಲ.

ಹೋಲ್ಮ್ ಅವರಿಗೆ ಇದೊಂದೂ ತಿಳಿಯದು. ತಮ್ಮ ಕಪ್ಪನ್ನು ಒಂದೇ ಗುಟುಕಿಗೆ ಖಾಲಿ ಮಾಡಿ, "ಬಹಳ ಚೆನ್ನಾಗಿದೆ!" ಎಂದು, ಎದ್ದುಹೋಗದೆ ಹಾಗೇ ಕೂತರು. ಕರ್ನಲ್‌ಗಳು ಬಿಟ್ಟ ಬಾಯಿ ಮುಚ್ಚದೆ ಅವರನ್ನೇ ನೋಡಿದರು. "ಈ ಮನುಷ್ಯನಿಗೆ ಮನೇಲಿ ಹೇಳ್ಕೊಟ್ಟೋರು ಯಾರೂ ಇಲ್ವಾ?" ಎಂದ ವುಕೋತಾ. "ಪಾಪ, ಅಜ್ಜಿ ಇಲ್ಲದ ಮನೆ ಇರ್ಬೇಕು" ಎಂದ ಸುಲ್ಯೋ. ಅಷ್ಟು ದಿನದಲ್ಲಿ ಮೊದಲ ಸಲ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿದ್ದು ಅದು. ಏನೆನ್ನುತ್ತಿದ್ದಾರೆ ಎಂದು ಹೋಲ್ಮ್ ಕೇಳಿದರು. ನಿಮ್ಮ ತಾಳ್ಮೆಯನ್ನು ಹೊಗಳುತ್ತಿದ್ದಾರೆ ಎಂದೆ. ದುಭಾಷಿಗಳು ಹಾಗೆಲ್ಲ ಹೇಳಬಾರದು, ಗೊತ್ತು. ಅವರ ಮುಖ ಅರಳಿತು. ಅದೇ ಹುರುಪಿನಲ್ಲಿ ಸೇತುವೆಯ ಅಂಶವನ್ನು ಮತ್ತೆ ಮೊದಲಿನಿಂದ ಓದತೊಡಗಿದರು.

ಆಮೇಲೆ ನಡೆದದ್ದು ಕೇಳು. ತಲೆಗೆ ತಲೆ ಎನ್ನುವ ಮಾತು ಬಂತು, ಸುಲ್ಯೋ ಕೆಂಪಾಗಿ ಅರ್ಧ ಎದ್ದ, ಕಪ್ಪು ಕಂಡಿತು, ಕೂತ. ತಪಾಸಣೆಯ ಮಾತು ಬಂತು, ವುಕೋತಾ ಮೇಜು ಗುದ್ದಿ ಎದ್ದ, ಕಪ್ಪಿನಿಂದ ಎರಡು ಹನಿ ತುಳುಕಿತು, "ಕೂತೆ, ಕೂತೆ" ಎಂದು ತನಗೇ ಹೇಳಿಕೊಂಡು ಕೂತ. ಓಡಿಹೋಗಲು ದಾರಿಯಿಲ್ಲದ ಮೇಲೆ ಮನುಷ್ಯರು ಮಾತಾಡಲೇಬೇಕಾಗುತ್ತದೆ ಅಮ್ಮಾ. ಮೊದಲು ಬೈದರು. ಬೈದು ಸುಸ್ತಾದರು. ಆಮೇಲೆ ವುಕೋತಾ, ನಮ್ಮಮ್ಮ ಮೂರನೆಯದು ಕೊಡ್ತಾನೇ ಇರ್ಲಿಲ್ಲ, ದೊಡ್ಡದಾಗಿ ಆಕಳಿಸ್ತಿದ್ಲು, ಬೀದಿಗೆಲ್ಲ ಕೇಳ್ತಿತ್ತು ಎಂದ. ಸುಲ್ಯೋ ನಕ್ಕುಬಿಟ್ಟ. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟಾಗಿ ಕಿಟಕಿಯ ಕಡೆ ಮುಖ ತಿರುಗಿಸಿದ. ಹಾಗೆ ತಿರುಗಿಸಿಕೊಂಡೇ, "ನಮ್ಮಕ್ಕ ನಿಮ್ಮ ಕಡೆ ಇದ್ದಾಳೆ. ಬದುಕಿದ್ದಾಳೋ ಇಲ್ವೋ ಗೊತ್ತಿಲ್ಲ" ಎಂದ. ವುಕೋತಾ ಕಪ್ಪಿನ ಅಂಚನ್ನು ಬೆರಳಿನಿಂದ ಸವರುತ್ತ, "ಲೆಕ್ಕ ಬೇಡ. ಆಚೆ ದಡದಲ್ಲಿ ಕಾಯೋರು ಯಾರಿದ್ದಾರೋ ಅವರು ದಾಟ್ಲಿ. ಇಷ್ಟು ಸಾಕು, ಬರ್ಕೊಳ್ಳಿ" ಎಂದ. ಅದನ್ನು ಫ್ರೆಂಚಿಗೆ ತಿರುಗಿಸುವಾಗ ನನಗೆ ಕ್ರಿಯಾಪದವೇ ಸಿಗಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದ ಕ್ರಿಯಾಪದ! ಅಳುತ್ತಳುತ್ತಲೇ ಹೇಳಿದೆ. ಅಂದು ಯಾರೂ ತಮ್ಮ ಭಾಷೆಗೆ ಬೇರೆ ಹೇಳಿ ಎಂದು ಕೇಳಲಿಲ್ಲ.

ಸಹಿ ಆಯಿತು. ಹೋಲ್ಮ್ ಪೆನ್ನಿಗೂ ಥ್ಯಾಂಕ್ಸ್ ಹೇಳಿ ಎದ್ದುನಿಂತರು. ಇವರಿಬ್ಬರೂ ಕೂತೇ ಇದ್ದಾರೆ! ಯಾರು ಮೊದಲು ಏಳುವುದು? ಹೋಲ್ಮ್ ಪಿಳಿಪಿಳಿ ಕಣ್ಣು ಬಿಡುತ್ತ ನಿಂತರು. ಕೊನೆಗೆ ನಮ್ಮ ಡ್ರಿಲ್ ಮಾಸ್ತರನ ಹಳೆಯ ವಿದ್ಯೆಯೇ ಕೈಹಿಡಿಯಿತು. "ನಾನು ಎಣಿಸ್ತೀನಿ, ಮೂರು ಅಂದಾಗ ಇಬ್ರೂ" ಎಂದ. ವುಕೋತಾ, "ಮೋಸ ಮಾಡ್ಬೇಡ" ಎಂದ. ಒಂದು, ಎರಡು, ಮೂರು. ಬೆಟ್ಟದ ಮೇಲಿನ ಕರ್ನಲ್, ಕಣಿವೆಯ ಕರ್ನಲ್, ಇಬ್ಬರೂ ಶಾಲೆಯ ಹುಡುಗರ ಹಾಗೆ ಒಟ್ಟಿಗೆ ಎದ್ದುನಿಂತರು. ನಾನು ತಟ್ಟೆ ಹಿಡಿದು ಗೋಡೆಗೆ ಒರಗಿದ್ದೆ. ದೊಡ್ಡ ದೊಡ್ಡ ರಾಜಧಾನಿಗಳಿಂದ ದೊಡ್ಡ ದೊಡ್ಡವರು ಬಂದು ಒಪ್ಪಿಸಲಾಗದವರನ್ನು ನಿನ್ನ ಎರಡು ಪುಟ್ಟ ಕಪ್ಪು ಹಿಡಿದು ಕೂರಿಸಿತ್ತು. ನಾನು ಮಾಡಿದ್ದಲ್ಲ ಅಮ್ಮಾ, ನನ್ನದು ಬರೀ ತಪ್ಪು. ಈ ಊರಿನ ಅಜ್ಜಿಯರೆಲ್ಲ ಸೇರಿ ಮಾಡಿದ್ದು ಎಂದೇ ನಾನು ನಂಬಿದ್ದೇನೆ. ಉಳಿದ ಎರಡು ಕಪ್ಪಿನಲ್ಲಿ ಒಂದನ್ನು ತಣ್ಣಗಿದ್ದರೂ ನಾನೇ ಕುಡಿದೆ, ಇನ್ನೊಂದನ್ನು ಬಾಟಲಿಗೆ ಹಾಕಿಕೊಂಡು ಬಂದು ರೆಫಿಕ್‌ಗೆ ಕೊಟ್ಟೆ. ಕಾಫಿ ಚೆಲ್ಲುವಷ್ಟು ನಾವಿನ್ನೂ ಸಿರಿವಂತರಾಗಿಲ್ಲ.

ನಿನ್ನೆ ಇಡೀ ದಿನ ಒಂದು ಗುಂಡೂ ಹಾರಲಿಲ್ಲ. ನಿನಗೂ ಕೇಳಿಸಿರಬೇಕು ಆ ಮೌನ. ಹೊಳೆಯ ನೀರಿಗೆ ಸದ್ದಿದೆ ಎನ್ನುವುದನ್ನೇ ನಾನು ಮರೆತಿದ್ದೆ. ಬೆಲ್ಮಾಳನ್ನು ಕೈಹಿಡಿದು ಹೊರಗೆ ಕರೆದುಕೊಂಡು ಹೋದೆ. ಎದುರುಗಡೆಯ ಕಟ್ಟಡದ ಹೆಂಗಸು ಕಿಟಕಿಯಿಂದ ಬಾಗಿ ಕಂಬಳಿ ಕೊಡವುತ್ತಿದ್ದಳು, ನಿಧಾನವಾಗಿ, ಹಬ್ಬದ ಹಿಂದಿನ ದಿನದಂತೆ. ಮುದುಕರು ರಸ್ತೆಯ ನಟ್ಟನಡುವೆ ನಿಂತು ಸುಮ್ಮನೆ ಮೇಲೆ ನೋಡುತ್ತಿದ್ದರು. ಗುಂಡು ಬೀಳುತ್ತಿದ್ದ ಆ ಚೌಕದ ಹತ್ತಿರ ಬಂದಾಗ ಬೆಲ್ಮಾ ಅಭ್ಯಾಸದಂತೆ ಬಗ್ಗಿ ಓಡಲು ತಯಾರಾದಳು. ಯಾರೂ ಓಡುತ್ತಿಲ್ಲ ಎಂದು ಕಂಡು, "ಅಮ್ಮಾ, ಇಲ್ಲಿ ನಡೀಬಹುದಾ?" ಎಂದು ಪಿಸುಗುಟ್ಟಿದಳು. ನಡೀಬಹುದು ಕಣೇ ಎಂದೆ. ಅವಳು ಒಂದೊಂದೇ ಹೆಜ್ಜೆ ಇಟ್ಟು, ಕಾಲಡಿಯ ನೆಲ ನೋಡುತ್ತ, ಇಡೀ ಚೌಕವನ್ನು ನಡೆದು ದಾಟಿದಳು. ಆಚೆ ಬದಿಗೆ ಹೋಗಿ ತಿರುಗಿ, ಇನ್ನೊಂದು ಸಲ ದಾಟೋಣ ಎಂದಳು. ಮತ್ತೆ ದಾಟಿದೆವು. ನನ್ನ ಕಣ್ಣಿಗೆ ಏನೂ ಕಾಣಿಸುತ್ತಿರಲಿಲ್ಲ, ಅಷ್ಟು ನೀರು.

ಈ ಕಾಗದ ನಿನಗೆ ಯಾರು ತಂದುಕೊಡುತ್ತಾರೆ ಎಂದರೆ ನೀನು ಬಿದ್ದುಬಿದ್ದು ನಗುತ್ತೀಯೆ, ಇಲ್ಲಾ ಪೊರಕೆ ಹುಡುಕುತ್ತೀಯೆ. ಅಂದು ಹೊರಡುವಾಗ ವುಕೋತಾ ನನ್ನ ಹತ್ತಿರ ಬಂದು, "ಈ ಕಾಫಿ ಯಾರ ಕೈ ಪಾಠ?" ಎಂದು ಕೇಳಿದ. ನಮ್ಮಮ್ಮನದು, ನಿಮ್ಮ ಕಡೆಯೇ ಇದ್ದಾಳೆ, ಹೊಳೆಯಂಚಿನ ಹಳದಿ ಕಟ್ಟಡ, ನಾಲ್ಕನೇ ಮಹಡಿ, ಹಸಿರು ಜಮಖಾನ ಎಂದೆ. ಅವನ ಹುಬ್ಬು ಹಣೆಗೇರಿತು. "ಮೆಟ್ಟಿಲ ಮೇಲೆ ಸಿಗರೇಟು ಸೇದಿದ್ರು ಅಂತ ನನ್ನ ಕಾವಲಿನ ಹುಡುಗ್ರಿಗೆ ಬಕೆಟ್ ನೀರು ಸುರೀತಾಳಲ್ಲ, ಆ ಮುದುಕಿನಾ!" ಎಂದ. ಹೌದು, ಆ ಮುದುಕಿಯೇ ಎಂದೆ. ನೀರಿಲ್ಲದ ಕಾಲದಲ್ಲಿ ನೀರು ಯಾಕಮ್ಮ ದಂಡ ಮಾಡುತ್ತೀಯೆ? ಇವತ್ತು ಮಧ್ಯಾಹ್ನ ಕೊನೆಯ ಸಭೆಯಿದೆ, ಅಲ್ಲಿ ಕಾಗದ ಕೊಟ್ಟರೆ ತಾನೇ ತಲುಪಿಸುತ್ತೇನೆ ಎಂದಿದ್ದಾನೆ. ಓದುತ್ತಾನೇನೋ. ಓದಿದರೆ ಓದಲಿ, ಅವನ ತಾಯಿಯ ಆಕಳಿಕೆ ಸೇರಿ ಎಲ್ಲ ನಿಜವೇ ಬರೆದಿದ್ದೇನೆ.

ರೆಫಿಕ್ ಸಲಾಮು ಹೇಳಿದ್ದಾನೆ. ಬೆಲ್ಮಾ ಕೆಳಗೆ ಬರೆದಿರುವ ಚಿತ್ರ ಬೆಕ್ಕಂತೆ, ನನಗೆ ಟ್ಯಾಂಕಿನ ಹಾಗೆ ಕಾಣುತ್ತದೆ. ಡೆಸಾಂಕಾ ಅವರ ಕೆನ್ನೆಗೆ ನನ್ನ ಪರವಾಗಿ ಮೂರು ಮುತ್ತು ಕೊಡು, ಅವರ ಚರ್ಚಿನವರ ಪದ್ಧತಿಯಂತೆ ಮೂರೇ. ನಿನ್ನ ಎರಡೂ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳುತ್ತೇನೆ. ದೇವರು ನಿನ್ನ ಎದೆಗೆ ಬಲ ಕೊಡಲಿ, ನಿನ್ನ ಹಟಕ್ಕೆ ಸ್ವಲ್ಪ ಕಡಿಮೆ ಕೊಡಲಿ.

ನಿನ್ನ ಮಗಳು,
ಸೆನಿಹಾ

ಮರೆತೆ ಅಮ್ಮಾ, ಗಾಡಿ ಕೆಳಗೆ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತಿದ್ದೇನೆ. ಸೇತುವೆ ತೆರೆಯುವುದು ಬುಧವಾರ ಬೆಳಗ್ಗೆ, ಅದೊಂದೇ ದಿನ. ದಾಟುವವರ ಹೆಸರಿನಲ್ಲಿ ನಿನ್ನದೂ ಸೇರಬೇಕಾದರೆ ನೀನೇ ಬಾಯಿಬಿಟ್ಟು ಹೂಂ ಎನ್ನಬೇಕು. ವುಕೋತಾ ಕಾಗದ ಕೊಟ್ಟು ನಿನ್ನ ಉತ್ತರಕ್ಕೆ ಕಾಯುತ್ತಾನೆ. ಎದ್ದರೆ ಮನೆ ಹೋಯಿತು, ಎದ್ದರೆ ನೆಂಟಳಾದೆ ಎಂದು ನೀನೂ ಆ ಇಬ್ಬರ ಹಾಗೇ ಒಂದು ವರ್ಷದಿಂದ ತಣ್ಣಗಾದ ಕಪ್ಪಿನ ಮುಂದೆ ಕೂತಿದ್ದೀಯೆ. ಅವರೇ ಎದ್ದರು ಅಮ್ಮಾ. ಜೊತೆಗಿರುವ ಪೊಟ್ಟಣದಲ್ಲಿ ನಿಜವಾದ ಕಾಫಿಪುಡಿ ಇದೆ, ಹೋಲ್ಮ್ ಕೊಟ್ಟದ್ದು. ಬಂದವನಿಗೆ ಮೊದಲನೆಯದು ಕೊಡು, ಎರಡನೆಯದೂ ಕೊಡು. ಮೂರನೆಯದನ್ನು ಅವನಿಗೆ ಕೊಡಬೇಡ, ನೀನೇ ಕುಡಿ. ಕುಡಿದು ಏಳು. ಮೊದಲನೆಯದು ಇಲ್ಲಿ ಒಲೆಯ ಮೇಲೆ ಇಟ್ಟಿರುತ್ತೇನೆ.